ಮೊದಲು ಮದುವೆ, ಆಮೇಲೆ ಮೆಷೀನು

ಲಾಸ್ ವೇಗಸ್‌ಗೆ ಹೋಗುವ ದಾರಿಯಲ್ಲಿ, ಬೇಕರ್ ಊರಿನ ಕಾಫಿ ಅಂಗಡಿಯ ಸಾಲಿನಲ್ಲಿ ಇಟ್ಸೆಲ್ ನಿಂತಿದ್ದಳು. ಅವಳ ಮುಂದಿದ್ದ ಅರವತ್ತರ ಆಸುಪಾಸಿನ ಜೋಡಿ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿತ್ತು.

“ಈ ಸಲ ಮೊದ್ಲು ನಮ್ಮ ಮದುವೆ ಡೆಲ್ಮರ್, ಆಮೇಲೆ ಜೂಜಿನ ಮೆಷೀನು.”

“ಆಗ್ಲಿ ಕಣೇ ರೊವೀನಾ. ಮದುವೆ ಮಾಡ್ಸೋರು ಅಲ್ಲಿ ಬೀದಿಗೊಬ್ರು ಇದಾರೆ, ಓಡಿ ಹೋಗ್ತಾರಾ?”

“ಹತ್ತೊಂಬತ್ತು ವರ್ಷದಿಂದ ಇದೇ ಮಾತು. ಮೆಷೀನ್ ಮುಂದೆ ಕೂತ್ರೆ ನಿಂಗೆ ನನ್ನ ಹೆಸ್ರೂ ಮರ್ತೋಗುತ್ತೆ.”

“ಹೋದ್ ವರ್ಷ ನಾನು ಎದ್ದು ಬಂದಿದ್ದೆ. ‘ತಾಳು, ಇನ್ನೊಂದು ಆಟ’ ಅಂದಿದ್ದು ನೀನೇ!”

ರೊವೀನಾ ನಕ್ಕುಬಿಟ್ಟಳು. “ಸರಿ, ಗುರುತಿನ ಚೀಟಿ ತಂದಿದೀಯಾ? ಅದಿಲ್ದೆ ಮದುವೆ ಪರವಾನಗಿ ಕೊಡಲ್ಲ.”

ಡೆಲ್ಮರ್ ಜೇಬಿನಿಂದ ಒಂದು ಕಾರ್ಡನ್ನು ಠೀವಿಯಿಂದ ತೆಗೆದ.

“ಅಯ್ಯೋ ಮಂಕೇ, ಇದು ಕ್ಯಾಸಿನೊದವ್ರು ಕೊಟ್ಟಿದ್ದು!”

“ನನ್ನ ಹೆಸ್ರಿದೆಯಲ್ಲ?”

“ಫೋಟೊ ಇದೆಯಾ? ಸರ್ಕಾರದ ಮುದ್ರೆ ಇದೆಯಾ? ಡ್ರೈವಿಂಗ್ ಲೈಸೆನ್ಸ್ ಎಲ್ಲಿ?”

“ಬಾರ್‌ಸ್ಟೋದಲ್ಲಿ. ಮನೇಲಿ, ಇನ್ನೊಂದು ಪ್ಯಾಂಟಲ್ಲಿ.”

ರೊವೀನಾಳ ನಗು ಇಳಿಯಿತು. “ಹೋಗ್ಲಿ ಬಿಡು. ಮೆಷೀನಾದ್ರೂ ಆಡೋಣ. ಮದುವೆ ಮುಂದಿನ ವರ್ಷ ನೋಡಿದ್ರಾಯ್ತು.”

ಡೆಲ್ಮರ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. “ಬಾ, ಮನೆಗೆ ಹೋಗಿ ತರೋಣ.”

“ಒಂದು ಗಂಟೆ ದಾರಿ ಕಣೋ!”

“ಹೋಗ್ತಾ ಒಂದು, ಬರ್ತಾ ಒಂದು. ಗಾಡಿ ನೀನೇ ಓಡ್ಸು. ನನ್ಹತ್ರ ಲೈಸೆನ್ಸ್ ಇಲ್ವಲ್ಲ.”

ಕಾಫಿಯನ್ನೂ ಕೊಳ್ಳದೆ ಇಬ್ಬರೂ ಹೊರಟರು. ಅವರ ಕಾರು ವೇಗಸ್ ದಾರಿಗೆ ಬೆನ್ನು ಹಾಕಿ ಬಾರ್‌ಸ್ಟೋ ಕಡೆ ತಿರುಗುವವರೆಗೂ ಇಟ್ಸೆಲ್ ಕಿಟಕಿಯಲ್ಲೇ ಕಣ್ಣಿಟ್ಟಿದ್ದಳು.