ಓರೆ ಸೀಳು

ನಂಬಬೇಡ ಅಕ್ಕ! ನಂಬಲೇಬೇಡ! ನಿನ್ನ ತಮ್ಮ ಬರೆದ ಮೂರು ಮಾತಿಗೆ ಇಡೀ ಜಗತ್ತು ಎದ್ದು ಕೂತಿದೆ ಅಂದರೆ ನೀನಾದರೂ ಯಾಕೆ ನಂಬ್ತೀಯ? ನಗು, ನಗು... ಇಸ್ತ್ರಿ ಪೆಟ್ಟಿಗೆ ನೋಡಿಕೊಂಡು ನಗು. ಕೈ ಸುಟ್ಟುಕೊಂಡು ಆಮೇಲೆ ಅದಕ್ಕೂ ನಾನೇ ಕಾರಣ ಅಂತೀಯ.

ಭಾವ ಎಲ್ಲಿ ಅಂತಾನಾ? ಬರ್ತಾರೆ. ಗಂಡನೂ ತಮ್ಮನೂ ಒಂದೇ ಕಾರ್ಖಾನೆಯಲ್ಲಿದ್ದರೆ ಒಂದೇ ಬಸ್ಸಲ್ಲೇ ಬರಬೇಕಾ? ಬರ್ತಾರೆ ಬಿಡು. ಮೊದಲು ನನ್ನ ಕಥೆ ಕೇಳು.

ಟಿವಿಗೆ ಸಿಕ್ಕಿಸಿ ಹುಡುಗರು ಆಡ್ತಾರಲ್ಲ, ಗೇಮ್ ಕನ್ಸೋಲು... ಹೂಂ, ಅದೇ, ನಾನು ಹಗಲೂ ರಾತ್ರಿ ಅದರ ಮುಂದೆ ಕೂತಿರ್ತೀನಿ ಅಂತ ನೀನು ಬೈತೀಯಲ್ಲ, ಅದೇ. ಅದರ ಹೊಸದು ಬರುತ್ತೆ. ಮೂರನೇದು. ಕಂಪನಿಯವರು ಇನ್ನೂ ತುಟಿ ಬಿಚ್ಚಿಲ್ಲ. ಬಣ್ಣ ಯಾವುದು? ಗೊತ್ತಿಲ್ಲ. ಎಷ್ಟು ದೊಡ್ಡದು? ಗೊತ್ತಿಲ್ಲ. ಯಾವಾಗ ಬರುತ್ತೆ? ಅದೂ ಇಲ್ಲ. ಅವರು ತುಟಿ ಬಿಚ್ಚದಷ್ಟೂ ಜನಕ್ಕೆ ಹುಚ್ಚು! ಒಬ್ಬ ಅಂತಾನೆ ಕೈಯಲ್ಲಿ ಹಿಡಿಯೋ ಹಾಗಿರುತ್ತೆ, ಇನ್ನೊಬ್ಬ ಅಂತಾನೆ ಕಣ್ಣಿಗೆ ಕಟ್ಟಿಕೊಳ್ಳೋದು, ಮತ್ತೊಬ್ಬ ಅದರ ಚಿತ್ರ ಬಿಡಿಸಿ ಅದಕ್ಕೆ ನೆರಳೂ ಹಾಕಿಬಿಟ್ಟಿದಾನೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಆದರೆ ಅಕ್ಕ, ಕುಲಾವಿ ಹೊಲಿಯೋದು ನಿಜವಾಗಲೂ ನಮ್ಮ ಕೆಲಸ! ಆ ಯಂತ್ರ ಕೂರೋ ರಟ್ಟಿನ ಪೆಟ್ಟಿಗೆ ತಯಾರಾಗೋದು ನಮ್ಮ ಕಾರ್ಖಾನೆಯಲ್ಲಿ. ಕೂಸಿನ ತಲೆ ಅಳತೆ ನಮಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಸರಿ ಮಾರಾಯ್ತಿ, 'ನಮಗೆ' ಅಲ್ಲ, ಭಾವನಿಗೆ. ಮೊದಲ ಪೆಟ್ಟಿಗೆ ಕೈಯಲ್ಲೇ ಕತ್ತರಿಸಿ ನೋಡೋರು ಅವರು. ನಾನು ಅಂಟು ಬಳಿಯೋನು. ಅದನ್ನ ಪದೇ ಪದೇ ನೆನಪಿಸಬೇಕಾ? ಅಂಟಿಲ್ಲದೆ ಪೆಟ್ಟಿಗೆ ನಿಲ್ಲುತ್ತಾ?

ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಮೂರನೇದಕ್ಕೆ ಕಾಯೋರ ಗುಂಪು. ಅಲ್ಲಿ ನನ್ನ ಹೆಸರು 'ಒಳಗಿನವನು'. ಹೂಂ, ಒಳಗಿನವನು! ನಾನೇ ಇಟ್ಟುಕೊಂಡಿದ್ದು, ಏನೀಗ? ಪೆಟ್ಟಿಗೆ ಕಾರ್ಖಾನೆಯೋನು ಅಂತಷ್ಟೇ ಹೇಳಿದೀನಿ. ನಾನು 'ಕಾಯಿರಿ' ಅಂತ ಒಂದು ಪದ ಬರೆದರೆ ಸಾಕು, ಅಣ್ಣಾ ಅಣ್ಣಾ ಅಂತ ಕಾಲಿಗೆ ಬೀಳೋರು. ಊರಲ್ಲಿ ಯಾರಾದರೂ ನನ್ನ ಅಣ್ಣಾ ಅಂದಿದ್ದು ಉಂಟಾ? ಅಪ್ಪ ಕರೀತಿದ್ದಿದ್ದೇ 'ಲೇ ಮಂಕೇ'. ಹಾಗಿರೋವಾಗ ಒಬ್ಬ ಬಂದ. ಕನ್ನಡಕ ಅಂತ ಕರೀತೀವಿ ಅವನನ್ನ. ದಿನಾ ವಿಡಿಯೋ ಮಾಡ್ತಾನೆ, ಹಿಂದೆ ನೀಲಿ ದೀಪ, ಮುಂದೆ ದಪ್ಪ ಮೈಕು. ಅವನು ಅಂದ, ಮೂರನೇದಕ್ಕೆ ಸೀಳೇ ಇರಲ್ಲ ಅಂತ. ಆಟದ ಡಿಸ್ಕ್ ತೂರಿಸೋ ಸೀಳು. ಸೀಳಿಲ್ಲ ಅಂದರೆ ಹುಡುಗರು ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿಟ್ಟ ಡಿಸ್ಕೆಲ್ಲ ನೀರಿನ ಲೋಟಕ್ಕೆ ಮುಚ್ಚಳ, ಅಷ್ಟೇ. ಗುಂಪಲ್ಲಿ ಹಾಹಾಕಾರ! ನಾನು 'ಅವಸರ ಬೇಡ' ಅಂದೆ. ಅದಕ್ಕೆ ಅವನು ಏನು ಬರೆದ ಗೊತ್ತಾ? ಎಲ್ಲರೆದುರಿಗೆ! 'ರಟ್ಟಿಗೆ ಅಂಟು ಬಳಿಯೋನಿಗೆ ಒಳಗಿಂದೇನು ಗೊತ್ತು? ಹೋಗಿ ಎಮ್ಮೆ ತೊಳಿ.'

ಎಮ್ಮೆ ತೊಳಿ! ಇವನಿಗೆ ಎಮ್ಮೆ ತೊಳೆಯೋಕೆ ಬರುತ್ತಾ? ಬಾಲದಲ್ಲಿ ಒಂದೇಟು ಹೊಡೆದರೆ ಆ ಕನ್ನಡಕ ಕೆರೆ ಆಚೆ ದಡದಲ್ಲಿ ಸಿಗುತ್ತೆ! ಗುಂಪೆಲ್ಲ ನಗ್ತಾ ಇದೆ ಅಕ್ಕ. ಅಣ್ಣಾ ಅಂತಿದ್ದೋರೇ ನಗ್ತಿದಾರೆ. ನನ್ನ ಮೈಯಲ್ಲಿ ರಕ್ತ ಕುದೀತು. ಬರೆದೆ. ಮೂರೇ ಮಾತು. 'ಸೀಳು ಇದೆ. ಎಡಗಡೆ. ನೆಟ್ಟಗಲ್ಲ, ಓರೆ.'

ಅಷ್ಟೇ! ಬೆಳಗಾಗೋದ್ರಲ್ಲಿ ಯಾವ್ಯಾವುದೋ ಭಾಷೆಯಲ್ಲಿ ಯಾರ್ಯಾರೋ ಕೈ ಓರೆ ಮಾಡಿ ತೋರಿಸ್ತಾ ಮಾತಾಡ್ತಿದಾರೆ. ಓರೆ ಸೀಳಿನ ಚಿತ್ರ ಎಲ್ಲ ಕಡೆ. ಕನ್ನಡಕದ ಬಾಯಿಗೆ ಬೀಗ! ನಿನ್ನ ತಮ್ಮ ಅಕ್ಕ, ನಿನ್ನ ತಮ್ಮ...

ಯಾಕೆ, ನಗು ಎಲ್ಲಿ ಹೋಯಿತು?

ಹೇಗೆ ಗೊತ್ತಾಯಿತು ಅಂದರೆ... ನೋಡಿದೆ. ಕಣ್ಣಾರೆ. ಭಾವ ಕೆಲಸ ಮಾಡೋ ಕೋಣೆ ಬಾಗಿಲು ಸ್ವಲ್ಪ ತೆರೆದಿತ್ತು, ಹಾದು ಹೋಗ್ತಾ ಹೀಗೆ ಕಣ್ಣು ಹಾಯಿಸಿದೆ. ಏನು? ಆ ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತೆ ಅಂತ ನಿನಗ್ಯಾರು ಹೇಳಿದರು? ಭಾವನಾ... ಹೂಂ, ಮುಚ್ಚಿಕೊಳ್ಳುತ್ತೆ. ಮುಚ್ಚಿಕೊಳ್ಳೋಕೆ ಮುಂಚೆ ನೋಡಿದೆ. ಗಾಳಿ ಬಂದಿತ್ತು. ಕಿಟಕಿ... ಇಲ್ಲ, ಕಿಟಕಿ ಇಲ್ಲ ಅಲ್ಲಿ, ಗೊತ್ತು ನನಗೆ! ಫ್ಯಾನ್ ಗಾಳಿ. ನೀನೇನು ವಕೀಲೆಯಾ? ನೋಡಿದೆ ಅಂದರೆ ನೋಡಿದೆ!

ಅಯ್ಯೋ, ಆ ಅಂಗಿ ಬಿಡೇ. ಸಾಕು. ಅದರ ಕಾಲರು ಎಷ್ಟು ಸಲ ಉಜ್ತೀಯ? ನಾಳೆಗೆ ಅದು ಬೇಕಾಗಲ್ಲ... ಅಂದರೆ, ಬೇರೆ ಅಂಗಿ ಇದೆಯಲ್ಲ ಭಾವನಿಗೆ ಅಂದೆ. ಕಾರ್ಖಾನೆ ಅಂಗಿ ಒಂದೇನಾ? ಒಂದೇ ಇರಲಿ, ಈಗೇನು... ಹಾಗೆ ನೋಡಬೇಡ ನನ್ನ.

ಸರಿ ಕೇಳು. ನೀನು ಹೇಗೂ ಕೇಳೇ ಕೇಳ್ತೀಯ. ಇವತ್ತು ಮಧ್ಯಾಹ್ನ ದೊಡ್ಡ ಕಂಪನಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಗಟ್ಟಿ ಆಸಾಮಿ. ಕುಡಿಯೋಕೆ ನೀರು ಕೊಟ್ಟರೂ ಮುಟ್ಟಲಿಲ್ಲ. ನಮ್ಮ ಸಾಹೇಬರ ಮೇಜಿನ ಮೇಲೆ ಮರದ ತುಂಡುಗಳನ್ನ ಸಾಲಾಗಿ ಇಟ್ಟಳು. ಅಸಲಿ ಯಂತ್ರ ಯಾರಿಗೂ ಕೊಡಲ್ಲ ಅಕ್ಕ, ಅದೇ ಅಳತೆಯ ಮರದ ಮಾದರಿ ಕಳಿಸ್ತಾರೆ. ಅದನ್ನ ಇಟ್ಟುಕೊಂಡೇ ಭಾವ ಪೆಟ್ಟಿಗೆ ಕತ್ತರಿಸೋದು. ನಾವು ಅಂದುಕೊಂಡಿದ್ದು ಮಾದರಿ ಒಂದೇ ಅಂತ. ಅಲ್ಲ! ಪೆಟ್ಟಿಗೆ ಮಾಡೋ ಒಂದೊಂದು ಕಾರ್ಖಾನೆಗೂ ಒಂದೊಂದು ಥರ. ಒಂದರಲ್ಲಿ ಸೀಳು ಬಲಗಡೆ. ಒಂದರಲ್ಲಿ ಎಡಗಡೆ, ನೆಟ್ಟಗೆ. ಒಂದರಲ್ಲಿ ಸೀಳೇ ಇಲ್ಲ. ಯಾರ ಬಾಯಿ ಸಡಿಲ ಅಂತ ಹಿಡಿಯೋಕೆ! ಓರೆ ಸೀಳಿದ್ದ ಮಾದರಿ ಬಂದಿದ್ದು ನಮ್ಮಲ್ಲಿಗೆ ಮಾತ್ರ. ಮೂರನೇದಕ್ಕೆ ಓರೆ ಸೀಳು ಇರೋದೇ ಇಲ್ಲವಂತೆ. ಜಗತ್ತೆಲ್ಲ ಚಿತ್ರ ಬಿಡಿಸಿಕೊಂಡು ಕೂತಿದ್ದು ಒಂದು ಮರದ ತುಂಡಿಗೆ ಅಕ್ಕ... ನಗೇ, ಇದಕ್ಕಾದರೂ ನಗು...

ನಮ್ಮಲ್ಲಿ ಆ ತುಂಡನ್ನ ಮುಟ್ಟಿದ್ದು ಒಬ್ಬರೇ.

ಕಿಟಕಿ ಹತ್ತಿರ ಹೋಗಬೇಡ. ಅಲ್ಲೇನಿದೆ ನೋಡೋಕೆ, ಬಸ್ ಸ್ಟಾಪು... ಹೂಂ. ಅವರೇ. ಆಗಿನಿಂದ ಅಲ್ಲೇ ಕೂತಿದಾರೆ. ನಾನು ಕರೆದೆ, 'ಭಾವ ಬನ್ನಿ, ಮನೆಗೆ ಹೋಗೋಣ' ಅಂದೆ. 'ನೀನು ನಡಿ, ನಾನು ಆಮೇಲೆ ಬರ್ತೀನಿ' ಅಂದರು. ಬೈಯಲಿಲ್ಲ ಅಕ್ಕ! ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಬೈಯಿ ಅಕ್ಕ. ನಿನಗೆ ಬೈಯೋಕೆ ಬರಲ್ವಾ? ಊರಲ್ಲಿ ಬಾವಿಕಟ್ಟೆ ಮೇಲೆ ನೀನು ಬಾಯಿ ತೆಗೆದರೆ ಕಾಗೆ ಹಾರಿ ಹೋಗ್ತಿದ್ದವು.

ನಿನಗೆ ಗೊತ್ತಾಯಿತು. ಸರಿ, ಗೊತ್ತಾಯಿತಲ್ಲ. ನಾನು ಬಾಗಿಲಲ್ಲೂ ನೋಡಿಲ್ಲ, ಎಲ್ಲೂ ನೋಡಿಲ್ಲ. ಇಲ್ಲೇ ಕೇಳಿದ್ದು. ಇದೇ ನೆಲದ ಮೇಲೆ ಊಟಕ್ಕೆ ಕೂತಿದ್ದಾಗ. ಹೆಬ್ಬೆರಳು ಯಾಕೆ ಕೊಯ್ದುಕೊಂಡಿದೀರಿ ಅಂತ ನೀನೇ ತಾನೇ ಕೇಳಿದ್ದು? ಭಾವ ಚಮಚ ತಗೊಂಡು ತಟ್ಟೆಯ ಎಡ ಅಂಚಿಗೆ ಓರೆಯಾಗಿ ಇಟ್ಟು, 'ಹೀಗಿದೆ ನೋಡೇ ಸೀಳು, ಅದಕ್ಕೆ ಸರಿಯಾಗಿ ಒಳಗಿನ ರಟ್ಟು ಕತ್ತರಿಸೋಕೆ ಹೋದರೆ ಕತ್ತಿ ಜಾರುತ್ತೆ' ಅಂದರು. ನಿನಗೆ ಹೇಳಿದರು. ನಿನಗೊಬ್ಬಳಿಗೆ. ನಾನು ತಲೆ ತಗ್ಗಿಸಿಕೊಂಡು ತಿಂತಾ ಇದ್ದೆ... ಹೆಂಡತಿ ಹತ್ತಿರ ಕೈ ನೋವು ಹೇಳಿಕೊಳ್ಳೋದು ತಪ್ಪಾ? ಅಂತ ನೀನು ಕೇಳ್ತಿದೀಯ. ಕೇಳದೇ ಇದ್ದರೂ ಕೇಳ್ತಿದೀಯ.

ಸಾಹೇಬರು ನನ್ನನ್ನೂ ಕರೆಸಿದರು. ಒಂದೇ ಮನೆಯೋರು ಅಂತ. 'ನಿಮ್ಮ ಭಾವ ಕೆಲಸದ ವಿಷಯ ಮನೆಯಲ್ಲಿ ಮಾತಾಡ್ತಾರಾ?' ಅಂತ ಕೇಳಿದರು. ಹೂಂ ಅಂದೆ. ಸುಳ್ಳಾ ಅದು? ಹೇಳು, ಸುಳ್ಳಾ? 'ಬರೆದಿದ್ದು ಯಾರು' ಅಂತ ಅವರು ಕೇಳಲೇ ಇಲ್ಲ! ಕೇಳಿದ್ದರೆ... ಕೇಳಿದ್ದರೆ ಹೇಳ್ತಿದ್ದೆ. ಹೇಳ್ತಿದ್ದೆನೋ ಏನೋ. ಭಾವ ನನ್ನ ಕಡೆ ತಿರುಗಿದರು. ಅವರಿಗೆ ಅಲ್ಲೇ ಗೊತ್ತಾಯಿತು ಅಕ್ಕ. ಆ ಹೆಂಗಸಿನ ಎದುರಿಗೆ ನೆಟ್ಟಗೆ ನಿಂತು, 'ಹೌದು, ಮಾತು ನನ್ನ ಬಾಯಿಂದಲೇ ಹೋಗಿದ್ದು' ಅಂದರು. 'ಇನ್ನು ಕೆಲಸಕ್ಕೆ ಬರಬೇಡ' ಅಂದರು ಸಾಹೇಬರು. ಭಾವ ಟಿಫಿನ್ ಡಬ್ಬಿ ತಗೊಂಡು ಹೊರಗೆ ನಡೆದರು.

ಆಯಿತಲ್ಲ? ಎಲ್ಲ ಹೇಳಿದೆ. ಇನ್ನೇನೂ ಇಲ್ಲ.

ಇಲ್ಲ ಅಂದೆನಲ್ಲ! ಯಾಕೆ ಹಾಗೇ ನಿಂತಿದೀಯ? ಭಾವ ಹೊರಗೆ ಹೋದ ಮೇಲೆ ನಾನು ಒಳಗೇ ಇದ್ದೆ, ಹೌದು. ಬಾಗಿಲು ಹಾಕಿದರು, ಹೌದು. ಸಾಹೇಬರು ನನ್ನ ಬೆನ್ನು ತಟ್ಟಿದರು. 'ಸ್ವಂತದೋರು ಅಂತ ನೋಡದೆ ನಿಜ ಹೇಳಿದೆ, ನಿನ್ನಂಥೋರು ಬೇಕು ನಮಗೆ' ಅಂದರು. 'ಕತ್ತಿ ಹಿಡಿಯೋಕೆ ಬರುತ್ತಾ?' ಅಂತ ಕೇಳಿದರು. ಬರುತ್ತೆ ಅಂದೆ. ಭಾವನೇ ಕಲಿಸಿದ್ದು ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ ಅಕ್ಕ. ಅಷ್ಟು ಆಸೆ ಇತ್ತು ನನಗೆ ಆ ಕೋಣೆ ಒಳಗೆ ಹೋಗೋಕೆ...

ಭಾವನ ಕೆಲಸ ನನಗೆ ಕೊಟ್ಟರು. ನಾಳೆಯಿಂದ.