ಹೊಲ ಕೇಳಲಾರದ ಬೀಗರು

...ಹಂಗಲ್ಲಲೇ, ಅಂವಾ ಹುಟ್ಟಿದಾಗಿಂದ ಸಾಹೇಬ ಆಗಿದ್ದಿಲ್ಲ. ಎದಿಮ್ಯಾಲೆ ಪದಕ ಹಚ್ಕೊಂಡು ಫೋಟೋದಾಗ ನಿಂತಾನಲ್ಲಾ ನಿಮ್ಮ ಶಿವು ಅಜ್ಜ, ನನ್ನ ತಮ್ಮ, ಅವನ್ನ ಸಾಕಿದ್ದು ಮೆಣಸಿನಕಾಯಿ ತೊಟ್ಟು ಬಿಡಸೂ ನನ್ನ ಕೂಲಿ. ಅಪ್ಪ ಅವ್ವ ಇಬ್ರೂ ತೀರಿ ಹೋಗಿದ್ರು. ಕೈ ಉರೀತಿತ್ತು, ಉರೀಲಿ ಅಂತಿದ್ದೆ. ಸಾಲಿ ಕಂಡಾಕಿ ಅಲ್ಲ ನಾನು, ಅವನ ಬಾಜೂಕ ಕುಂತ ಅಕ್ಷರ ಕಲ್ತಾಕಿ. ಅಂವಾ ವಿಮಾನ ಹಾರಸೂ ಪರೀಕ್ಷಾ ಪಾಸಾದ. ಆವಾಗ ಒಂದಿನ ನಮ್ಮೂರು ಶಲವಡಿಗೆ ಇಬ್ರು ಗಂಡಸರು ಬಂದ್ರು. ನಾ ಕೂಲಿಗೆ ಹೋಗಿದ್ದೆ, ಅಲ್ಲಲ್ಲ, ಗಿರಣಿಗೆ, ಜ್ವಾಳ ಬೀಸಾಕ. ಮನ್ಯಾಗ ಅಪ್ಪನ ತಂಗಿ ಗಂಗತ್ತಿ ಇದ್ಲು. ಆಕಿಗೆ ತನ್ನ ಮಗಳನ್ನ ಶಿವೂಗ ಕೊಡಬೇಕಂತ ಭಾಳ ಆಸೆ. ಬಂದವರು "ಹುಡುಗ ಹೆಂಗ್ರಿ, ಚಟಾ ಗಿಟಾ?" ಅಂತ ಕೇಳ್ಯಾರ. ಈಕಿ ಬ್ಯಾರೆ ಹೆಣ್ಣಿನ ಕಡೆಯವರಂತ ತಿಳ್ಕೊಂಡು, "ಚಲೋ ಹುಡುಗರೀ ಯಪ್ಪಾ, ಆದ್ರ ತಲಿ ತಿರುಗತೈತಿ. ಮಾಳಗಿ ಹತ್ತಿದ್ರ ಸಾಕು, ಕಣ್ಣಿಗೆ ಕತ್ತಲಿ ಬರತೈತಿ" ಅಂದಾಳ!

ನಾ ಬಂದಾಗ "ಬೀಗರನ್ನ ಓಡಿಸಿದೆ" ಅಂತ ನಗಾಕ ಹತ್ತಿದ್ಲು. ನನಗ ಸಂಶಯ ಬಂತು. "ಹೊಲ ಎಷ್ಟೈತಿ ಅಂತ ಕೇಳಿದ್ರನು?" "ಇಲ್ಲಬೇ." "ಹಾಸಿದ ಚಾಪಿಮ್ಯಾಲೆ ಕುಂತ್ರನು?" "ಇಲ್ಲ. ಓಣಿ ಮಂದೀನ ಕೇಳಾಕ ಹೋದ್ರು. ಇಬ್ಬರದೂ ಒಂದ ನಮೂನಿ ಕೆಂಪು ಬೂಟು." ಅಯ್ಯ ನಿನ್ನ! ಹೊಲ ಕೇಳಲಾರದ ಬೀಗರು ಎಲ್ಲ್ಯಾರ ಇರ್ತಾರೇನು? ಪೊಲೀಸರವರು, ನೌಕರಿ ಕೊಡೂ ಮುಂಚೆ ಹುಡುಗನ ನಡತಿ ವಿಚಾರಸಾಕ ಬಂದವರು! ತಲಿ ತಿರುಗಾವಗ ಯಾರು ವಿಮಾನ ಕೊಡ್ತಾರ?

ಅತ್ತೀನ ಎಳಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಇಬ್ರೂ ಆಗಲೇ ಬಸ್ ಹತ್ತಿ ಕುಂತಿದ್ರು. "ಸಾಹೇಬ್ರ, ಇಳೀರಿ ಕೆಳಗ!" ಅತ್ತಿ ಸೆರಗ ಹೊತ್ಕೊಂಡು, "ಸುಳ್ಳು ಹೇಳಿದ್ನಿರೀ, ನನ್ನ ಮಗಳಿಗೆ ಬೇಕಾಗಿದ್ದ" ಅಂದ್ಲು. ಒಬ್ಬಾಂವ ನಕ್ಕ. ಇನ್ನೊಬ್ಬಾಂವ ನನ್ನ ನೋಡಿ, "ಈಗಿಂದು ಸುಳ್ಳಲ್ಲಂತ ಹೆಂಗ ನಂಬೂಣು?" "ನಂಬಬ್ಯಾಡ್ರಿ. ಮ್ಯಾಲೆ ನೋಡ್ರಿ" ಅಂದೆ. ನೌಕರಿ ಕರೆ ಬರೂತನಕ ಖಾಲಿ ಯಾಕ ಕುಂದರ್ತಾನಂತ ಶಿವೂನ್ನ ಬಸ್ ಸ್ಟ್ಯಾಂಡ್ ಎದುರಿನ ಮಸೂತಿ ಮಿನಾರಕ್ಕ ಸುಣ್ಣಾ ಹಚ್ಚಾಕ ಕಳಿಸಿದ್ದೆ. ತುದಿಗೆ ಜೋತಾಡಿಕೋತ ಸಿಳ್ಳಿ ಹೊಡೀತಿದ್ದ ಮಗ!

ಮುಂದ ಫೈಟರ್ ಹಾರಿಸಿದ. ಎಂಜಿನ್ ಕೆಟ್ಟು ಛತ್ರಿ ಕಟ್ಕೊಂಡು ಜಿಗದ ದಿನಾನೂ ಫೋನಿನ್ಯಾಗ "ಆರಾಮ ಅದೀನಕ್ಕಾ" ಅಂದಿದ್ದ, ದನಿಮ್ಯಾಲೇ ಅವನ ಸುಳ್ಳು ಹಿಡದೆ. ಆಮ್ಯಾಲೆ ಎಷ್ಟೋ ವಿಮಾನ, ಎಷ್ಟೋ ಪೈಲಟ್ ಮಂದಿ ಅವನ ಹುಕುಮಿನ್ಯಾಗ ಬಂದ್ರು. ಮೊನ್ನಿ ಬಂದಾಗ "ಅಕ್ಕಾ, ನೀ ಭಾಳ ಸಂಶಯದಾಕಿ" ಅಂದ. ಹೌದಪಾ. ಸಂಶಯ ಪಡೋದು ತಪ್ಪಲ್ಲ, ಪಟ್ಟು ಸುಮ್ನ ಕುಂದ್ರೋದು ತಪ್ಪು.