ಕಪ್ಪುಕುಳಿಯ ತೂಕ, ಕೆಂಪು ಶಾಯಿಯ ಗೀಟು

ಅಧ್ಯಕ್ಷರಾದ ರೇಣುಕಪ್ರಸಾದ್ ಅವರೇ, ವೇದಿಕೆಯ ಗಣ್ಯರೇ, ಹೊನ್ನವಳ್ಳಿ, ಹಾಲ್ಕುರಿಕೆ ಕಡೆಯಿಂದ ತೋಟದ ಕೆಲಸ ಬಿಟ್ಟು ಬಂದಿರುವ ಹಿರಿಯರೇ, ಸನ್ಮಾನಿತಳಾದ ನನ್ನ ವಿದ್ಯಾರ್ಥಿನಿ ಡಾಕ್ಟರ್ ಗಾನವಿ, ಮತ್ತು ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ನಲವತ್ತೈದು ನಿಮಿಷದ ಪಿರಿಯಡ್ಡು ತೆಗೆದುಕೊಂಡ ಗಣಿತದ ಮೇಷ್ಟ್ರಿಗೆ ಇದು ಅನ್ಯಾಯವಲ್ಲವೇ?

ಗಾನವಿ ಮಾಡಿರುವುದೇನು? ಬಹುದೂರದ ಒಂದು ಕ್ವೇಸಾರಿನ, ಅಂದರೆ ನಕ್ಷತ್ರದ ಚುಕ್ಕೆಯಂತೆ ಕಾಣುವ ಅತಿ ಪ್ರಖರ ಗ್ಯಾಲಕ್ಸಿ ಕೇಂದ್ರದ, ನಡುವೆ ಇರುವ ಕಪ್ಪುಕುಳಿಯನ್ನು ತೂಗಿದ್ದಾಳೆ. ಕಪ್ಪುಕುಳಿ ಕಾಣುವುದಿಲ್ಲ. ಅದರೊಳಗೆ ಬೀಳುವ ವಸ್ತು ಸುತ್ತುತ್ತ ಕಾದು ಉರಿಯುತ್ತದೆ. ಆ ಬೆಳಕು ಹೆಚ್ಚಿದರೆ, ಆಚೆ ಸುತ್ತುತ್ತಿರುವ ಅನಿಲವೂ ತುಸು ತಡವಾಗಿ ಹೆಚ್ಚು ಹೊಳೆಯುತ್ತದೆ. ಎಷ್ಟು ತಡವೋ ಅಷ್ಟು ದೂರ. ಅನಿಲದ ವೇಗವನ್ನು ಅದರ ಬೆಳಕೇ ಹೇಳುತ್ತದೆ. ದೂರ, ವೇಗ ಎರಡೂ ಸಿಕ್ಕರೆ, ನಡುವೆ ಕೂತು ಸುತ್ತಿಸುತ್ತಿರುವುದರ ತೂಕ ಸಿಕ್ಕಿತು.

ಐದು ವರ್ಷ ಅಳೆದಳು. ತಡ ಸರಿಯಾಗಿ ಒಂದು ವರ್ಷ ಎಂದು ಬಂತು. ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದಳು. ಆಮೇಲೆ ಅವಳಿಗೇ ಅನುಮಾನ ಹುಟ್ಟಿತು. ಪ್ರತಿ ವರ್ಷ ಕೆಲವು ತಿಂಗಳು ಆ ಕ್ವೇಸಾರ್ ಸೂರ್ಯನ ಕಡೆ ಸರಿದು ಅಳತೆಗೆ ಸಿಗುವುದಿಲ್ಲ. ಆ ಖಾಲಿ ತಿಂಗಳುಗಳೇ 'ಒಂದು ವರ್ಷ' ಎಂಬ ಸುಳ್ಳು ಹುಟ್ಟಿಸಿದ್ದರೆ?

ನನಗೆ ಫೋನ್ ಮಾಡಿದಳು. "ಸಾರ್, ನಾನ್ ಬರ್ದಿರೋದು ತಪ್ಪು ಅನ್ಸ್ತೈತೆ. ವಾಪಸ್ ತಗಂಡ್ರೆ ಇನ್ನೆರಡು ವರ್ಷ ಹೋಯ್ತದೆ. ಏನ್ ಮಾಡ್ಲಿ?"

"ವಾಪಸ್ ತಗೋ ಕಣಮ್ಮ. ತಪ್ಪನ್ನ ಒಪ್ಕಳಕ್ಕೆ ಹೆದ್ರುಕೋಬಾರ್ದು," ಎಂದುಬಿಟ್ಟೆ.

ಫೋನಿಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಯಾಕೆ ಎನ್ನುತ್ತೀರಾ? ಇದನ್ನು ಹೇಳಬೇಕೆಂದು ನಾನು ಇಲ್ಲಿಗೆ ಬಂದವನಲ್ಲ. ಆದರೂ ಹೇಳುತ್ತೇನೆ.

ಗಾನವಿ ಹತ್ತನೇ ಕ್ಲಾಸಿನಲ್ಲಿದ್ದಾಗ ಜಿಲ್ಲಾ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನು ಆರಿಸಲು ಪರೀಕ್ಷೆ ಇಟ್ಟಿದ್ದೆ. ಕೊನೆಯ ಲೆಕ್ಕವನ್ನು ಅವಳು ನನಗೆ ಗೊತ್ತಿಲ್ಲದ ದಾರಿಯಲ್ಲಿ ಮಾಡಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದೆ. "ಉತ್ತರ ಸರಿ ಐತಲ್ಲ ಸಾರ್?" ಎಂದು ಕೇಳಿದವಳನ್ನು, "ನಂಗೇ ಹೇಳ್ಕೊಡ್ತೀಯೇನೇ?" ಎಂದು ಗದರಿ ಕಳಿಸಿದೆ. ಸಂಜೆ ಮನೆಯಲ್ಲಿ ಮಾಡಿ ನೋಡಿದೆ. ಸರಿಯಿತ್ತು.

ಮಾರನೇ ಬೆಳಿಗ್ಗೆ ಅವಳ ತಾಯಿ ಮಂಜಮ್ಮ, ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುವ ಮುಂಚೆ, ಆ ಹಾಳೆ ಹಿಡಿದು ಬಂದರು. "ನಂಗೆ ಓದಕ್ ಬರಲ್ಲ ಮೇಷ್ಟ್ರೇ. ನೀವು ಸರಿ ಅಂದ್ರೆ ಸರಿ, ತಪ್ಪು ಅಂದ್ರೆ ತಪ್ಪು."

ನಾನು ತಪ್ಪು ಅಂದೆ. ಬೇರೆ ಹುಡುಗನನ್ನು ಸ್ಪರ್ಧೆಗೆ ಕಳಿಸಿದೆ.

ಗಾನವಿ ಪ್ರಬಂಧ ವಾಪಸ್ ಪಡೆದಳು. ಇನ್ನೂ ಎರಡು ವರ್ಷ ಅಳೆದಳು. ನಿಜವಾದ ತಡ ಎರಡೂವರೆ ವರ್ಷ ಎಂದು ತಿಳಿಯಿತು. ಕಪ್ಪುಕುಳಿಯ ತೂಕ ನಲವತ್ತು ಕೋಟಿ ಸೂರ್ಯರಷ್ಟು! ಬೇರೊಂದು ತಂಡ ಅಳೆದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು.

ಮಂಜಮ್ಮನವರೇ, ನೀವು ಮುಂದಿನ ಸಾಲಿನಲ್ಲೇ ಇದ್ದೀರಿ. ಅವತ್ತು ನಿಮ್ಮ ಮಗಳ ಲೆಕ್ಕ ಸರಿಯಿತ್ತು. ತಪ್ಪು ನನ್ನದು. ಬೇಡ, ಏಳಬೇಡಿ, ಕೂತ್ಕೊಳ್ಳಿ. ಕೈ ಮುಗಿಯಬೇಕಾದವನು ನಾನು.

ಈಗಷ್ಟೇ ತಿಂಡಿಯ ಹೊತ್ತಿನಲ್ಲಿ ಒಂಬತ್ತನೇ ಕ್ಲಾಸಿನ ಇಂಪನಾ ಗಾನವಿಯನ್ನು ಕೇಳುತ್ತಿದ್ದಳು: "ಮಿಸ್, ಆ ನಲವತ್ತು ಕೋಟೀನೂ ತಪ್ಪಾಗಿದ್ರೆ?"

ಗಾನವಿ ಏನಂದಳು ಗೊತ್ತೇ? "ಇದ್ರೂ ಇರ್ಬೋದು ಕಣೇ. ನಾಳೆ ಬಾ, ಇಬ್ರೂ ಕೂತ್ಕಂಡು ನೋಡಾನ."

ನಾಳೆ ಹತ್ತು ಗಂಟೆಗೆ ಇದೇ ಸಭಾಂಗಣದಲ್ಲಿ ಗಾನವಿಯ ಪಾಠವಿದೆ. ಹೆಸರು ಕೊಟ್ಟವರು ಇಪ್ಪತ್ತಾರು ಮಕ್ಕಳು ಮತ್ತು ನಾನು. ಅರ್ಥವಾಗದಿದ್ದರೆ ಎದ್ದು ನಿಂತು ಕೇಳುತ್ತೇನೆ.

ಐದು ನಿಮಿಷ ಮೀರಿದರೂ ಗಂಟೆ ಹೊಡೆಯದ ಅಧ್ಯಕ್ಷರಿಗೂ, ತಾಳ್ಮೆಯಿಂದ ಕೇಳಿದ ನಿಮಗೂ ಕೃತಜ್ಞತೆಗಳು. ನಮಸ್ಕಾರ.